ಜೋಡಿಪಟ್ಟಿ ಕಟ್ಟಿಕೊಂಡ ಆರು ವಾರ

ಇನ್ನೊಬ್ಬರ ಹೊಟ್ಟೆಯ ಸಂಕಟ ನಿಮ್ಮ ಹೊಟ್ಟೆಯಲ್ಲೇ ಎದ್ದರೆ ನೀವು ಅವರನ್ನು ಪೂರ್ತಿ ಅರ್ಥಮಾಡಿಕೊಳ್ಳುತ್ತೀರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿದ್ದೆ. ಮೂವತ್ತೆಂಟು ವರ್ಷ ಮನಶ್ಶಾಸ್ತ್ರ ಕಲಿಸಿದ ಮೇಲೂ ನಂಬಿದ್ದೆ. ಕಣ್ಣು ಮಂಜಾಗಿ ಬರೆಯಲು ಆಗುತ್ತಿಲ್ಲ, ಅದಕ್ಕೆ ಫೋನಿಗೆ ಹೇಳುತ್ತಿದ್ದೇನೆ. ಮಧ್ಯೆ ಕೆಮ್ಮು ಬಂದರೆ ಸಹಿಸಿಕೊಳ್ಳಿ.

ಆಗ ನಾನು ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮನೋಚಿಕಿತ್ಸೆ ಕಲಿಯಲು ಬಂದ ಇಂಟರ್ನ್‌ಗಳ ಮೇಲ್ವಿಚಾರಕ. ಆಸ್ಪತ್ರೆಯ ಹೆಸರು ಬೇಡ. ಆ ವರ್ಷ ಜೋಡಿಪಟ್ಟಿ ಬಂತು. ರೋಗಿಯ ಮುಂಗೈಗೆ ಒಂದು ತೆಳ್ಳನೆಯ ಪಟ್ಟಿ. ನಾಡಿ, ಬೆವರು, ಉಸಿರಿನ ಏರಿಳಿತ, ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗ ಸ್ನಾಯುಗಳಲ್ಲಿ ಆಗುವ ಸಣ್ಣ ಸೆಳೆತ, ಎಲ್ಲವನ್ನೂ ಅದು ಓದುತ್ತಿತ್ತು. ಇಂಟರ್ನ್‌ನ ಸೊಂಟಕ್ಕೆ ಒಂದು ಅಗಲವಾದ ಪಟ್ಟಿ. ಹೊಟ್ಟೆಯಿಂದ ಮಿದುಳಿಗೆ ಹೋಗುವ ದೊಡ್ಡ ನರವೊಂದಿದೆಯಲ್ಲ, ಅದನ್ನು ಈ ಪಟ್ಟಿ ಮೀಟುತ್ತಿತ್ತು. ರೋಗಿಗೆ ಹೊಟ್ಟೆ ಕಿವುಚಿದರೆ ಇಂಟರ್ನ್‌ಗೂ ಕಿವುಚುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತು ಮಾತುಕತೆಯನ್ನು ಪರದೆಯ ಮೇಲೆ ನೋಡುತ್ತಿದ್ದ ನನಗೂ ಒಂದು ಪಟ್ಟಿ, ಅರ್ಧ ಬಲದ್ದು. ಆಸ್ಪತ್ರೆಯ ಆವರಣದೊಳಗೆ ಎಲ್ಲಿದ್ದರೂ ಕೆಲಸ ಮಾಡುತ್ತಿತ್ತು.

ಇಂಟರ್ನ್‌ನ ಮೈ ರೋಗಿಯ ಮೈಗೆ ಎಷ್ಟು ಹೊಂದಿಕೊಂಡಿತು ಅನ್ನುವುದಕ್ಕೆ ನೂರಕ್ಕೆ ಇಷ್ಟು ಅಂತ ಅಂಕ. ಅದಕ್ಕೆ ತಾಳೆ ಅಂಕ ಅಂತ ಹೆಸರು. ಇನ್ನೂರು ಗಂಟೆ ಪಟ್ಟಿ ಕಟ್ಟಿ, ತಾಳೆ ಎಂಬತ್ತು ದಾಟಿದರೆ ತರಬೇತಿ ಮುಗಿಯಿತು. ಈ ಇಂಟರ್ನ್ ಮಕ್ಕಳು ಊಟಕ್ಕೆ ಹೋದರೂ ಪಟ್ಟಿ ಬಿಚ್ಚುತ್ತಿರಲಿಲ್ಲ, ಗಂಟೆ ಸೇರಬೇಕಲ್ಲ. ರೋಗಿಯ ಪಟ್ಟಿ ತಣ್ಣಗಾದರೆ ಕೀ ಅಂತ ಕೂಗುತ್ತಿತ್ತು. ಆಗ ವಾರ್ಡಿನ ಸಿಸ್ಟರ್ ಓಡಿ ಬರಬೇಕು. ಅವರಿಗೆ ಬೇರೆ ನೂರು ಕೆಲಸ. "ಪಟ್ಟಿ ಬಿಸಿಯಾಗಿರ್ಬೇಕು, ಅಷ್ಟು ನೋಡ್ಕೊಳ್ಳಿ" ಅಂತ ರೋಗಿಯ ಜೊತೆಗಿದ್ದವರಿಗೆ ಹೇಳಿ ಹೋಗುತ್ತಿದ್ದರು. ರೋಗಿಗಳಿಂದ ಆರು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೆವು. ಅದರಲ್ಲಿ ಏನಿದೆ ಅಂತ ಯಾರೂ ಓದಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮಾದೇಶ ಮಳವಳ್ಳಿ ಕಡೆಯವನು. ನಲವತ್ತಮೂರು ವರ್ಷ, ನಗರ ಬಸ್ಸಿನ ಡ್ರೈವರ್. ಸ್ಟಾಪಿನಲ್ಲಿ ಒಬ್ಬ ಅಜ್ಜ ಇನ್ನೂ ಇಳಿಯುತ್ತಿರುವಾಗಲೇ ಇವನ ಬಸ್ಸು ಹೊರಟು, ಅಜ್ಜ ಬಿದ್ದು, ಚಕ್ರದಡಿ ಕಾಲು ಹೋಯಿತು. ಅಜ್ಜ ಬದುಕಿಕೊಂಡ. ಮಾದೇಶನಿಗೆ ಮಾತ್ರ ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುವುದು, ಬೆವರುವುದು. ಡಿಪೋದವರು ನಮ್ಮಲ್ಲಿಗೆ ಕಳಿಸಿದರು. ಆರು ವಾರದ ನಂತರ ಡಾಕ್ಟರುಗಳ ಮಂಡಳಿ ಕೂತು ಇವನು ಮತ್ತೆ ಬಸ್ಸು ಓಡಿಸಬಹುದೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಿತ್ತು. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವನ ಜೊತೆ ಹೆಂಡತಿ ಭಾಗ್ಯ ಇದ್ದಳು. ನಮ್ಮ ಆಸ್ಪತ್ರೆಗಳಲ್ಲಿ ರೋಗಿ ಒಬ್ಬನೇ ಇರುವುದುಂಟೇ? ಮಂಚದ ಪಕ್ಕದಲ್ಲಿ ಚಾಪೆ, ಚೀಲ, ಒಬ್ಬರು ಮನುಷ್ಯರು ಇರಲೇಬೇಕು. ಇಲ್ಲದಿದ್ದರೆ ಭರ್ತಿಯನ್ನೇ ಮಾಡಿಕೊಳ್ಳುವುದಿಲ್ಲ. ಮಾತುಕತೆ ಆಗುವಾಗ ಅವರನ್ನು ದೂರ ಕೂರಿಸಿ ಅಂತ ಪುಸ್ತಕ ಹೇಳುತ್ತದೆ. ಭಾಗ್ಯ ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ಬಾಗಿಲು ಅರ್ಧ ತೆರೆದಿರುತ್ತಿತ್ತು. ಕಡತದಲ್ಲಿ ಅವಳ ಬಗ್ಗೆ ಒಂದೇ ಸಾಲು: ಮಾಹಿತಿ ಕೊಟ್ಟವರು ಹೆಂಡತಿ, ನಂಬಬಹುದು. ಅಲ್ಲಿಗೆ ಅವಳ ಕೆಲಸ ಮುಗಿಯಿತು.

ಈ ಕೇಸನ್ನು ಕೊಟ್ಟದ್ದು ಹಾವೇರಿ ಕಡೆಯ ಹುಡುಗಿ ಶಿವಲೀಲಾ ಹಂಚಿನಮನಿಗೆ. ಚುರುಕಾದ ಹುಡುಗಿ, ಬರೆದಿದ್ದನ್ನೇ ನಾಲ್ಕು ಸಲ ತಿದ್ದುವ ಜಾತಿ.

ಮೊದಲ ವಾರವೇ ಅವಳು ಕಂಟ್ರೋಲ್ ರೂಮಿಗೆ ಬಂದು ಹೊಟ್ಟೆ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು.

"ಸರ್, ಅವ್ರು ಅರಾಮ ಅದೇನಿ ಅಂತಾರ್ರಿ. ನನ್ನ ಹೊಟ್ಟಿಯೊಳಗ ಮಾತ್ರ ಬೆಂಕಿ ಇಟ್ಟಂಗ ಆಗೇತಿ. ಯಾವುದನ್ನ ನಂಬ್ಲಿರಿ?"

"ಬಾಯಿ ಸುಳ್ಳು ಹೇಳತ್ತಮ್ಮ, ನಾಡಿ ಹೇಳಲ್ಲ," ಅಂದೆ. ಎಷ್ಟು ಧೈರ್ಯವಾಗಿ ಅಂದೆ ಅಂತೀರಿ!

ಮಾದೇಶ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ. "ನಂಗೇನಾಗದೆ ಸಾ? ಮೊದ್ಲು ಕೈ ನಡುಗ್ತಿತ್ತು, ದಿಟ. ಈಗ ಇಲ್ಲ. ಉಣ್ತೀನಿ, ಮಲಿಕತೀನಿ. ಗಾಡಿ ಕೊಡ್ಸಿ, ಅಷ್ಟೇಯ."

ಶಿವಲೀಲಾ ಬರೆದಳು: ರೋಗಿ ತನ್ನ ಕಳವಳವನ್ನು ಒಪ್ಪಿಕೊಳ್ಳುತ್ತಿಲ್ಲ. ನಾನು ಕೆಳಗೆ ಸಹಿ ಹಾಕಿದೆ.

ಎರಡನೇ ವಾರ ನಮಗೆ ಒಂದು ಎಳೆ ಸಿಕ್ಕಿತು. "ಅಪಘಾತ ಆದಾಗ ನಿಮ್ಮ ಮನೆಯವರು ಎಲ್ಲಿದ್ರು?" ಅಂತ ಶಿವಲೀಲಾ ಕೇಳಿದಳು. "ಬಸ್ಸಲ್ಲೇ ಇದ್ಲು. ಊಟದ ಡಬ್ಬಿ ತಂದಿದ್ಲು. ನನ್ನ ಬೆನ್ನಿಂದ್ಲ ಸೀಟಲ್ಲೇ ಕೂತಿದ್ಲು," ಅಂದ ಮಾದೇಶ, ಆಕಳಿಸಿಕೊಂಡು. ಆಕಳಿಸಿದ್ದನ್ನು ನಾನು ಪರದೆಯ ಮೇಲೆ ನೋಡಿದೆ. ಅದೇ ಕ್ಷಣಕ್ಕೆ ನನ್ನ ಸೊಂಟದ ಪಟ್ಟಿ ಒದ್ದಿತು. ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಅರ್ಧ ಬಲದ್ದೇ ಹೀಗೆ, ಆ ಹುಡುಗಿಗೆ ಹೇಗಾಗಿರಬೇಕು! ಆವತ್ತು ಅವಳ ತಾಳೆ ತೊಂಬತ್ತನಾಲ್ಕು. ಅಷ್ಟು ಯಾರೂ ತೆಗೆದಿರಲಿಲ್ಲ. ಮುಖ್ಯಸ್ಥ ಡಾಕ್ಟರ್ ಅರವಿಂದಾಕ್ಷ ಖುದ್ದು ಬಂದು ಬೆನ್ನು ತಟ್ಟಿದರು.

ಮನೆಯಲ್ಲಿ ನನ್ನ ಹೆಂಡತಿ ಪದ್ಮಿನಿ ಬೆನ್ನು ತಟ್ಟಲಿಲ್ಲ.

"ಏನ್ರೀ ಇದು, ಕೂತ್ರೆ ಕೂತಿರಲ್ಲ, ನಿಂತ್ರೆ ನಿಂತಿರಲ್ಲ. ಬಾಗಿಲ ಹತ್ರ ಹೋಗ್ತೀರಿ, ವಾಪಸ್ ಬರ್ತೀರಿ. ಆ ಹಾಳು ಪಟ್ಟೀನ ಅಲ್ಲೇ ಬಿಚ್ಚಿಟ್ಟು ಬನ್ನಿ."

"ಬಿಚ್ಚಿಟ್ಟೇ ಬಂದಿದೀನಿ."

"ಮತ್ತೆ ಇದೇನು?"

ಇದೇನು ಅಂತ ನನಗೂ ಗೊತ್ತಿರಲಿಲ್ಲ. ಪಟ್ಟಿ ಬಿಚ್ಚಿದರೂ ಮೈ ಕಲಿತದ್ದನ್ನು ಬಿಡುತ್ತಿರಲಿಲ್ಲ. ಸಾರು ಬಡಿಸಿಕೊಂಡು ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಪೇಪರಿನ ಒಂದೇ ಸಾಲನ್ನು ಐದು ಸಲ ಓದುತ್ತಿದ್ದೆ. ಒಂದು ದಿನ ಪದ್ಮಿನಿ ಒಗ್ಗರಣೆ ಸೌಟು ಹಿಡಿದು ತಿರುಗಿ ಬೆಚ್ಚಿಬಿದ್ದಳು.

"ಅಯ್ಯೋ, ದೆವ್ವದ ಹಾಗೆ ಹಿಂದೆ ಬಂದು ನಿಂತಿದೀರಲ್ಲ! ಈಚೆಗೆ ನೀವು ನನ್ನ ಕೂಗೋದೇ ಇಲ್ಲ, ಗೊತ್ತಾ? ಮೊದ್ಲು ಕಾಫಿ ಬೇಕಾದ್ರೆ ಬೀದಿಗೆ ಕೇಳೋ ಹಾಗೆ ಕೂಗ್ತಿದ್ರಿ."

ನಿಜ. ಕೂಗೋಣ ಅಂತ ಬಾಯಿ ತೆರೆದರೆ ಗಂಟಲು ಕಟ್ಟುತ್ತಿತ್ತು. ಶಿವಲೀಲಾಗೂ ಹಾಗೇ ಆಗಿತ್ತಂತೆ. ಅವಳು ಚಿಕ್ಕಮ್ಮನ, ಅವಳು ಕರೆಯುವ ಹಾಗೆ ಚಿಗವ್ವನ, ಮನೆಯಲ್ಲಿದ್ದಳು. ಕೆಳಗಿನ ಮನೆಯವರಿಗೆ ಗ್ಯಾಸಿನವನು ಬಂದಿದ್ದಾನೆ ಅಂತ ಮಹಡಿಯಿಂದ ಒಂದು ಕೂಗು ಹಾಕುವ ಬದಲು ಮೂರು ಮಹಡಿ ಇಳಿದು ಹೋಗಿ ಹೇಳಿದಳಂತೆ. "ನಿನಗ ಬಾಯಿ ಇಲ್ಲೇನಬೇ? ಊರಾಗಿಂದ ಬರೋ ಮುಂದ ಇತ್ತಲ್ಲ!" ಅಂತ ಚಿಗವ್ವ ಬೈದಳಂತೆ. ಇದನ್ನು ಅವಳು ಆಮೇಲೆ ಹೇಳಿದ್ದು. ಮೊದಲೇ ಹೇಳಿದ್ದರೆ? ಏನೂ ಆಗುತ್ತಿರಲಿಲ್ಲ. ಮಾದೇಶನಿಗೆ ಕೂಗಲು ಭಯ ಅಂತ ಇನ್ನೊಂದು ಸಾಲು ಬರೆಯುತ್ತಿದ್ದೆ.

ನಾಲ್ಕನೇ ವಾರ ನಾನು ಒಂದು ಪರೀಕ್ಷೆ ಮಾಡಿದೆ. ಬುದ್ಧಿವಂತಿಕೆಯ ಪರೀಕ್ಷೆ! ಭಾಗ್ಯಳನ್ನು ಕೆಳಗಿನ ಔಷಧಿ ಅಂಗಡಿಗೆ ಕಳಿಸಿ, ಅದೇ ಪ್ರಶ್ನೆಗಳನ್ನು ಶಿವಲೀಲಾಳ ಕೈಲಿ ಮಾದೇಶನಿಗೆ ಮತ್ತೆ ಕೇಳಿಸಿದೆ. ಹೆಂಡತಿ ಎಲ್ಲಿ ಕೂತಿದ್ದಳು, ಏನು ತಂದಿದ್ದಳು. ಪಟ್ಟಿ ಸುಮ್ಮನಿತ್ತು. ಒಂದು ಅಲೆಯೂ ಏಳಲಿಲ್ಲ. ಭಾಗ್ಯ ಔಷಧಿ ತಂದು ಬೆಂಚಿನಲ್ಲಿ ಕೂತಳು. ಇನ್ನೊಮ್ಮೆ ಕೇಳಿಸಿದೆ. ಪಟ್ಟಿ ಒದ್ದಿತು.

ನಾನು ತೊಡೆ ತಟ್ಟಿಕೊಂಡೆ. ಇವನ ಕಳವಳಕ್ಕೆ ಹೆಂಡತಿಯೇ ಕಾರಣ! ಅವಳು ಹತ್ತಿರ ಇದ್ದರೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಮಂಡಳಿಗೆ ವರದಿ ಬರೆದೆ: ದೊಡ್ಡ ವಾಹನ ಇನ್ನು ಯಾವತ್ತೂ ಕೊಡಬಾರದು. ಊರ ಹೊರಗಿನ ಪುನರ್ವಸತಿ ಕೇಂದ್ರದಲ್ಲಿ ಆರು ತಿಂಗಳು ಇರಬೇಕು. ಹೆಂಡತಿ ಭೇಟಿಗೂ ಬರಬಾರದು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಇದನ್ನು ಹೇಳಬೇಕಿತ್ತು. ನಾನೇ ಹೇಳಿದೆ. ಶಿವಲೀಲಾ ಪಕ್ಕದಲ್ಲಿದ್ದಳು.

ಮಾದೇಶನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಎದ್ದು ನಿಂತ. "ನನ್ನೆಂಡ್ರು ಕಂಡ್ರೆ ನಂಗೆ ಸಂಕ್ಟ ಅಂತ ನಿಮ್ಗೆ ಯಾರ್ ಸಾ ಯೋಳಿದ್ದು?"

"ನಿನ್ನ ಮೈ ಹೇಳ್ತಿದೆಯಪ್ಪ."

"ನನ್ ಮೈ ನಂಗ್ ಯೋಳ್ನಿಲ್ವಲ್ಲ ಸಾ! ನಿಮ್ಗ್ ಯಾವಾಗ್ ಯೋಳ್ತು?"

ಭಾಗ್ಯ ಗಂಡನ ಹತ್ತಿರ ಹೋಗಿ ಭುಜ ಮುಟ್ಟಿದಳು, ಅವನು ಕೂತ. ಅಷ್ಟರಲ್ಲಿ ಶಿವಲೀಲಾ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ತೊಳೆಯುವ ತೊಟ್ಟಿಯಲ್ಲಿ ತಿಂದದ್ದೆಲ್ಲ ಕಾರಿಕೊಂಡಳು. ಆ ದಿನದ ತಾಳೆ ತೊಂಬತ್ತೇಳು.

ಮಂಡಳಿ ಕೂರಲು ಎರಡು ದಿನ ಉಳಿದಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಶಿವಲೀಲಾ ಕ್ಯಾಂಟೀನಿನಲ್ಲಿ ಚಹಾಕ್ಕೆ ನಿಂತಿದ್ದಳು. ಸೊಂಟದಲ್ಲಿ ಪಟ್ಟಿ ಇತ್ತು. ಮಾದೇಶ ಆ ಹೊತ್ತಿನಲ್ಲಿ ಮೇಲಿನ ವಾರ್ಡಿನಲ್ಲಿ ಗೊರಕೆ ಹೊಡೆಯುತ್ತಿದ್ದುದನ್ನು ಅವಳೇ ಆಗಷ್ಟೇ ನೋಡಿ ಬಂದಿದ್ದಳು. ಚಹಾದ ಸಾಲಿನಲ್ಲಿ ಅವಳ ಮುಂದೆ ಭಾಗ್ಯ ಫ್ಲಾಸ್ಕ್ ಹಿಡಿದು ನಿಂತಿದ್ದಳು. ಭಾಗ್ಯಳ ಫೋನು ಬಡಿದುಕೊಂಡಿತು. ಶಿವಲೀಲಾಳ ಹೊಟ್ಟೆ ಹಿಂಡಿತು. ಫೋನು ನಿಂತಿತು, ಹೊಟ್ಟೆ ಸಡಿಲವಾಯಿತು. ಫೋನು ಮತ್ತೆ ಬಡಿದುಕೊಂಡಿತು, ಮತ್ತೆ ಹಿಂಡಿತು. ಪರದೆಯ ಮೇಲೆ ಡಿಪೋ ಅಂತ ಹೆಸರಿತ್ತಂತೆ.

"ಅಕ್ಕಾರ, ಸ್ವಲ್ಪ ಕೈ ತೋರಸ್ರಿ," ಅಂದಳು ಶಿವಲೀಲಾ.

ಭಾಗ್ಯ ಸೆರಗು ಸರಿಸಿದಳು. ಬಳೆಗಳ ಹಿಂದೆ, ಕರವಸ್ತ್ರ ಸುತ್ತಿ, ತಲೆಗೂದಲಿಗೆ ಹಾಕುವ ರಬ್ಬರಿನಿಂದ ಬಿಗಿದ ಪಟ್ಟಿ.

"ಬಿಚ್ಚುದ್ರೆ ಕೂಗ್ಕತದೆ ಕನವ್ವ. ಸಿಸ್ಟ್ರಮ್ಮ ಬಂದು ಉಗೀತಾರೆ. ಇವ್ರಿಗೆ ಮೂರನೇ ದಿನ್ಕೇ ಕೈಯೆಲ್ಲ ಗಂದೆ ಎದ್ದೋಯ್ತು, ಕೆರಕೊಂಡು ಕೆರಕೊಂಡು ಕಿತ್ತಾಕ್ತಿದ್ರು. ಬಿಸಿ ಇದ್ರೆ ಸಾಕು ಅಂದಿದ್ರಲ್ಲ. ನನ್ ಕೈ ಏನ್ ತಣ್ಗಿದ್ದದಾ ಅಂತ ನಾನೇ ಹಾಕೊಂಡೆ. ಯಾಕವ್ವ, ತಪ್ಪಾಯ್ತಾ?"

ಮಾದೇಶನ ಆಸ್ಪತ್ರೆಯ ಅಂಗಿಯ ತೋಳು ಬೆರಳ ತನಕ ಉದ್ದ. ನಾವು ಯಾರೂ ಸರಿಸಿ ನೋಡಿರಲಿಲ್ಲ. ಪಟ್ಟಿಯನ್ನು ತಯಾರಿಸಿದವರ ದೇಶದಲ್ಲಿ ರೋಗಿ ಒಬ್ಬನೇ ಮಲಗಿರುತ್ತಾನಂತೆ. ಪಟ್ಟಿ ಬೇರೆ ಯಾರ ಕೈಗೆ ಹೋದೀತು ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ನಮಗೆ ಹೊಳೆಯಬೇಕಿತ್ತು.

ಶಿವಲೀಲಾ ಅವಳನ್ನು ಕ್ಯಾಂಟೀನಿನ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋಗಿ, "ನಿಮಗ ಏನ್ ಆಗಾಕತ್ತೇತಿ ಅಕ್ಕಾರ?" ಅಂತ ಕೇಳಿದಳು. ಭಾಗ್ಯ ಆ ಕಡೆ ಈ ಕಡೆ ನೋಡಿದಳಂತೆ, ಬೇರೆ ಯಾರನ್ನೋ ಕೇಳಿದರೇನೋ ಅನ್ನುವ ಹಾಗೆ. "ನನ್ನಾ?" ಅಂದಳಂತೆ. ಆಮೇಲೆ ಹೇಳಿದಳು. ಆವತ್ತು ಬಸ್ಸು ಸ್ಟಾಪಿನಿಂದ ಹೊರಡುವಾಗ ಡಬ್ಬಿ ಸೀಟಿನ ಕೆಳಗೆ ಇಟ್ಟಿದ್ದೇನೆ ಅಂತ ಅವಳು ಗಂಡನನ್ನು ಕೂಗಿದ್ದಳು. ಅವನು ತಿರುಗಿದ. ಅಜ್ಜ ಬಿದ್ದ. ಅಂದಿನಿಂದ ಅವಳು ಯಾರನ್ನೂ ಕೂಗಿಲ್ಲ, ಒಂದು ದಿನವೂ ಸರಿಯಾಗಿ ನಿದ್ದೆ ಮಾಡಿಲ್ಲ. ಗಂಡನಿಗೂ ಹೇಳಿಲ್ಲ. ಡಿಪೋದ ಫೋನು ಬಂದರೆ ಜೀವ ಬಾಯಿಗೆ ಬರುತ್ತದೆ. "ಯಾರೂ ಕೇಳ್ನೇ ಇಲ್ಲ ಕನವ್ವ," ಅಂದಳಂತೆ.

ಶಿವಲೀಲಾ ನೇರವಾಗಿ ನನ್ನ ಕೋಣೆಗೆ ಬಂದಳು. ಎಲ್ಲವನ್ನೂ ಹೇಳಿ ಮುಗಿಸಿದಳು. ನಾನು ಎದ್ದು ಬಾಗಿಲು ಹಾಕಿದೆ. ಆಗ ನಾನು ಆಡಿದ ಮಾತನ್ನು ಮುಚ್ಚಿಡುವುದಿಲ್ಲ.

"ಮಾದೇಶನ ಇನ್ನೊಂದು ಕೈಗೆ ಪಟ್ಟಿ ಕಟ್ಟಿಸು. ಅವನು ಶಾಂತವಾಗಿದಾನೆ, ಶಾಂತ ಅಂತಲೇ ಬರುತ್ತೆ. ಕೊನೆ ಗಳಿಗೆಯಲ್ಲಿ ಸುಧಾರಿಸಿದ ಅಂತ ವರದಿ ಬದಲಾಯಿಸ್ತೀನಿ. ಅವನಿಗೆ ಗಾಡಿ ಸಿಗುತ್ತೆ, ಹೆಂಡತಿಯಿಂದ ದೂರ ಕಳಿಸೋದೂ ತಪ್ಪುತ್ತೆ. ನಿನ್ನ ಇನ್ನೂರು ಗಂಟೆಯೂ ಉಳಿಯುತ್ತೆ. ಎಲ್ಲರಿಗೂ ಅನುಕೂಲ."

"ಎಲ್ಲಾರಿಗೂ ಅನುಕೂಲ ಆಗ್ತದ್ರಿ ಸರ್. ಅಕಿ ಒಬ್ಬಾಕಿನ್ನ ಬಿಟ್ಟು."

"ಅವಳು ನಮ್ಮ ರೋಗಿ ಅಲ್ಲಮ್ಮ."

"ಆರು ವಾರ ನನ್ನ ಹೊಟ್ಟಿಯೊಳಗ ಇದ್ದಾಕಿ ಅಕಿ. ಅಕಿ ರೋಗಿ ಅಲ್ಲಂತ ನನ್ನ ಕೈಲೆ ಹೆಂಗ ಬರಸ್ತೀರಿ?"

"ಸತ್ಯ ಬರೆದ್ರೆ ನಿನ್ನ ಗಂಟೆ ಸೊನ್ನೆ ಆಗುತ್ತೆ. ಅದು ಗೊತ್ತಾ?"

"ಗೊತ್ತದ." ಅವಳ ದನಿ ನಡುಗುತ್ತಿತ್ತು. ಅದು ಭಾಗ್ಯಳ ನಡುಕವೋ ಇವಳದೇ ನಡುಕವೋ ಅಂತ ಕೇಳುವ ಧೈರ್ಯ ನನಗೆ ಇರಲಿಲ್ಲ. ಸೊಂಟದ ಪಟ್ಟಿ ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟಳು. "ಇದು ಸುಳ್ಳು ಹೇಳಿಲ್ರಿ ಸರ್. ನೀವು ಹೇಳಿದಂಗ ನಾಡಿ ಖರೇನ ಹೇಳೇತಿ. ಯಾರ ನಾಡಿ ಅಂತ ನಾವ ಕೇಳಿಲ್ಲ."

ಮಂಡಳಿಯ ದಿನ ಅವಳು ಎದ್ದು ನಿಂತು ಹೇಳಿದಳು. ನಾನು ಮೊದಲು ಹೇಳಲಿಲ್ಲ, ಅವಳ ನಂತರ ಹೇಳಿದೆ. ಅದನ್ನು ದೊಡ್ಡಸ್ತಿಕೆ ಅಂತ ಯಾರೂ ತಿಳಿಯಬೇಡಿ.

ಡಾಕ್ಟರ್ ಅರವಿಂದಾಕ್ಷ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಆರು ವಾರ ಹೆಂಗಸಿನ ನಾಡಿ ಹಿಡಿದು ಗಂಡಸಿಗೆ ಕಾಯಿಲೆ ಹೇಳಿದಿರಾ ಮೇಷ್ಟ್ರೇ?"

"ಹೂಂ. ಸಹಿ ನಂದೇ," ಅಂದೆ.

ಅದೇ ಮಧ್ಯಾಹ್ನ ವಾರ್ಡಿನ ಹದಿನಾಲ್ಕು ಪಟ್ಟಿಗಳನ್ನೂ ಹುಡುಕಿಸಿದರು. ಐದು ಪಟ್ಟಿಗಳು ಜೊತೆಗಿದ್ದವರ ಕೈಯಲ್ಲಿದ್ದವು. ಒಬ್ಬಳ ಪಟ್ಟಿ ಅವಳ ಅತ್ತೆಯ ಕೈಯಲ್ಲಿತ್ತು. ಒಂದು ಬಿಸಿನೀರಿನ ಚೀಲಕ್ಕೆ ಕಟ್ಟಿತ್ತು. ಅದಕ್ಕೂ ನಮ್ಮ ಇಂಟರ್ನ್ ಒಬ್ಬ ಎಪ್ಪತ್ತೊಂದು ತಾಳೆ ತೆಗೆದಿದ್ದ. ರೋಗಿ ಬಹಳ ಶಾಂತ ಸ್ವಭಾವದವರು ಅಂತ ಬರೆದಿದ್ದ. ನಾನು ಅದಕ್ಕೂ ಸಹಿ ಹಾಕಿದ್ದೆ.

ವರದಿ ಹರಿದು ಹಾಕಿದರು. ಮಾದೇಶನನ್ನು ಪಟ್ಟಿ ಗಿಟ್ಟಿ ಇಲ್ಲದೆ ಎದುರು ಕೂರಿಸಿಕೊಂಡು ಮಾತಾಡಿಸಿದರು. ಡಿಪೋ ಅಂಗಳದಲ್ಲಿ ಎರಡು ವಾರ ಇನ್ನೊಬ್ಬರ ಜೊತೆ ಬಸ್ಸು ಓಡಿಸಿ ನೋಡಿದರು. ಕೈ ನಡುಗಲಿಲ್ಲ. ಓಡಿಸಬಹುದು ಅಂತ ಬರೆದುಕೊಟ್ಟರು. ಶಿವಲೀಲಾಳ ಗಂಟೆ ಸೊನ್ನೆಯಾಯಿತು. ಅವಳು ಆರು ತಿಂಗಳು ಮತ್ತೆ ಮಾಡಬೇಕಾಯಿತು. ಜೊತೆಯವರೆಲ್ಲ ಮುಗಿಸಿ ಹೋದರು. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಭಾಗ್ಯಳ ಹೆಸರಿನಲ್ಲಿ ಒಂದು ಹೊಸ ಕಡತ ತೆರೆದಳು, ಅಷ್ಟು ಗೊತ್ತು. ಆ ಕಡತಕ್ಕೆ ಒಂದು ಅಂಕವೂ ಇರಲಿಲ್ಲ.

ನಾಲ್ಕು ವಾರ ಶಿವಲೀಲಾ, ಭಾಗ್ಯ ಇಬ್ಬರೇ ಕೂತು ಮಾತಾಡಿದರು. ಐದನೇ ವಾರ ಭಾಗ್ಯ, "ಅವ್ರ್‌ನೂ ಕರೀರಿ. ಅವ್ರಿಗೆ ನಾನೇ ಯೋಳ್ತೀನಿ," ಅಂದಳು.

ಮಾದೇಶ ಕೆಲಸ ಮುಗಿಸಿ ಖಾಕಿ ಬಟ್ಟೆಯಲ್ಲೇ ಬಂದ. ನಾನು ಮೂಲೆಯ ಮೇಜಿನ ಹಿಂದೆ ಕೂತಿದ್ದೆ, ಶಿವಲೀಲಾ ನನ್ನ ಪಕ್ಕದಲ್ಲಿ. ಭಾಗ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅವತ್ತು ನಾನ್ ಕೂಗ್ದೆ ಕನ್ರಿ," ಅಂದಳು. "ಡಬ್ಬಿ ಸೀಟ್ ಕೆಳಗೆ ಮಡಗಿವ್ನಿ ಅಂತ. ನೀವ್ ತಿರುಗುದ್ರಿ. ಅಷ್ಟೊತ್ಗೆ ಆ ಅಜ್ಜ... ನಾನ್ ಕೂಗ್ದೆ ಇದ್ದಿದ್ರೆ ಅವ್ರ ಕಾಲ್ ಉಳೀತಿತ್ತು. ನಿಮ್ಗೂ ಇಂಗಾಯ್ತಿರ್ಲಿಲ್ಲ."

ಮಾದೇಶ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕಿಟಕಿಯ ಹೊರಗೆ ಯಾರದೋ ಸ್ಟ್ರೆಚರ್ ಗಡಗಡ ಹೋಯಿತು. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಪಟ್ಟಿ ಇರಲಿಲ್ಲ. ಅವನ ಹೊಟ್ಟೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯಲು ಅವನ ಮುಖ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

"ನೀ ಕೂಗಿದ್ದಾ?" ಅಂದ ಕೊನೆಗೆ. "ನಂಗ್ ಕೇಳ್ನೇ ಇಲ್ವಲ್ಲಮ್ಮಿ. ಆ ಇಂಜಿನ್ ಸದ್ದಲ್ಲಿ ಯಾವನಿಗ್ ಏನ್ ಕೇಳ್ತದೆ? ನಾ ತಿರುಗಿದ್ದು ಕನ್ನಡಿ ನೋಡಕೆ."

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಊರಿನ ಬಸ್ಸುಗಳೆಲ್ಲ ಕರೆಂಟಿನವಾಗಿ ಆಗಲೇ ಒಂಬತ್ತು ವರ್ಷ ಆಗಿತ್ತು. ಅವಕ್ಕೆ ಸದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಡಲೆಕಾಯಿ ಸುಲಿದರೂ ಡ್ರೈವರಿಗೆ ಕೇಳುತ್ತದೆ. ಅದು ನನಗೆ ಗೊತ್ತು, ಶಿವಲೀಲಾಗೆ ಗೊತ್ತು. ದಿನಾ ಡಬ್ಬಿ ಹಿಡಿದು ಅದೇ ಬಸ್ಸಿನಲ್ಲಿ ಕೂತು ಬಂದವಳಿಗೆ ಗೊತ್ತಿರಲಿಲ್ಲವೇ?

ಮೂವತ್ತೆಂಟು ವರ್ಷ ಕಲಿಸಿದ ಚಟ, ನಾನು ತಿದ್ದಲು ಬಾಯಿ ತೆರೆದೆ. ಶಿವಲೀಲಾ ಮೇಜಿನ ಕೆಳಗೆ ನನ್ನ ಪಾದವನ್ನು ಚಪ್ಪಲಿ ಕಾಲಿನಿಂದ ಬಲವಾಗಿ ಮೆಟ್ಟಿದಳು.

ಭಾಗ್ಯ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳನ್ನು ನೋಡಲಿಲ್ಲ, ಟೋಪಿಯ ಅಂಚನ್ನು ಸರಿಮಾಡುತ್ತಿದ್ದ. ಅವಳ ಬೆರಳಿನ ಸೆರಗು ತಾನಾಗಿಯೇ ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

"ಊಂ," ಅಂದಳು. "ಆ ಸದ್ದಲ್ಲಿ ಏನ್ ಕೇಳ್ತದೆ ಬುಡಿ."